ಸಿಂಧು ಹೇಳಿದ ಒಡಪು

ಪುಣೆ,
೧೯ ಮೇ ೨೦೨೫

ಚಿ. ಸೌ. ರೇಣುವಿಗೆ ಸಾವಂತ್ರವ್ವನ ಆಶೀರ್ವಾದಗಳು.

ನಾನು ಯಾರೆಂದು ಸೊಸೆಯಾದ ನಿನಗೆ ಹೇಳಬೇಕಾಗಿಲ್ಲ. ಆದರೂ ಈ ಪತ್ರ ಅಲ್ಲಿಂದಲೇ ಶುರುವಾಗಬೇಕು. ಮೆಟ್ರಿಕ್‌ವರೆಗೆ ಓದಿ, ನಲವತ್ತು ವರ್ಷ ಈ ಮನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು ನಾನು. ಪುಣೆಯ ಕನ್ನಡದವರಲ್ಲಿ ಹೊಸ ಸೊಸೆ ಹೊಸ್ತಿಲ ಮೇಲೆ ನಿಂತು ಗಂಡನ ಹೆಸರು ಹೇಳಬೇಕೆಂದರೆ, ಅದಕ್ಕೆ ಪ್ರಾಸದ ಎರಡು ಸಾಲು ಹೆಣೆದು ಒಡಪು ಕಟ್ಟಿಕೊಡುವವಳು ಸಾವಂತ್ರವ್ವನೇ. ನೀನು ಮನೆಯಲ್ಲಿ ಕೂತು ಲಗ್ನಪತ್ರಿಕೆ ಮಾಡಿಕೊಡಲು ಹಿಡಿದ ಮೇಲೆ ನನ್ನ ಒಡಪೂ ಅದರ ಜೊತೆ ಹೋಗತೊಡಗಿತು.

ಪತ್ರಿಕೆಯ ಬರಹಕ್ಕೆ ನೀನು ಎಐ ಬಳಸಿದಾಗ ನಾನು ಆಡಿದ್ದು ನಿನಗೆ ನೆನಪಿರಬೇಕು. "ಮಂದಿ ಮನಿ ಸುದ್ದಿ ಅದಕ್ಕೇನ್ ಗೊತ್ತು? ಅದಕ್ಕೇನು ಅತ್ತಿ ಅದಾಳ, ಮಾವ ಅದಾನ?" ಅಂದಿದ್ದೆ. ನೀನು ನಕ್ಕು, "ಅತ್ತಿ ಇಲ್ರೀ, ಪುಣ್ಯ ಮಾಡಿ ಬಂದೇತಿ" ಅಂದಿದ್ದೆ.

ಎರಡೂ ಮನೆಗೆ ಫೋನು ಮಾಡಿ, ಯಾರಿದ್ದಾರೆ, ಯಾರು ತೀರಿಕೊಂಡಿದ್ದಾರೆ, ಆರತಿ ಹಿಡಿಯುವವರು ಯಾರು ಎಂದು ಕೇಳದೆ ನಾನು ಪೆನ್ನು ಮುಟ್ಟುತ್ತಿರಲಿಲ್ಲ. ಸಿಂಧುವಿನ ಮದುವೆಯ ವಾರ ಒಂಬತ್ತು ಒಡಪು ಒಪ್ಪಿಕೊಂಡಿದ್ದೆ. ಒಂದೂ ಹೊಳೆಯಲಿಲ್ಲ. ಆಗುವುದಿಲ್ಲ ಎನ್ನಲು ನಾಚಿಕೆ. ನೀನು ಕಾಯಿಪಲ್ಯೆ ತರಲು ಹೋದಾಗ, ಯಾರನ್ನೂ ವಿಚಾರಿಸದೆ, ನೀನು ಮಾಡುವ ಹಾಗೆಯೇ ಫೋನಿನ ಎಐಗೆ ಹೇಳಿದೆ: ಹುಡುಗಿ ಸಿಂಧು, ಹುಡುಗ ಅವಧೂತ, ಮನೆ ತುಂಬಿಸಿಕೊಳ್ಳುವ ದಿನ. ಪ್ರಾಸ ಚೆನ್ನಾಗಿ ಬಂತು. ನನ್ನ ಅಕ್ಷರದಲ್ಲಿ ಬರೆದು ನಿನ್ನ ಕೈಗೆ ಕೊಟ್ಟೆ. ನಾನು ಹಾಗೆ ಮಾಡಿದ್ದು ಆವತ್ತೊಂದೇ ದಿನ.

ಹುಡುಗಿ ಮರಾಠಿಯವಳೆಂದು ನೀನು ಅದನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟೆ. ಗಂಡನ ಮನೆಯವರಿಗೆ ಸಂತೋಷವಾಗಲಿ ಎಂದು ಅವಳು ಅರ್ಥ ತಿಳಿಯದೆ ಬಾಯಿಪಾಠ ಮಾಡಿದಳು. ಹೊಸ್ತಿಲಲ್ಲಿ ಸ್ಪಷ್ಟವಾಗಿ ಹೇಳಿದಳು:

ಆರತಿ ತಟ್ಟಿ ಹಿಡಿದು ನಿಂತಾರ ನಮ್ಮತ್ತಿ ಬಾಗಿಲಾಗ,
ಅವಧೂತರ ಹೆಸರ ಹೇಳಿ ಬರತೀನಿ ಮನಿಯಾಗ.

ಆ ಅತ್ತೆ, ಅವಧೂತನ ತಾಯಿ, ತೀರಿಕೊಂಡು ಐದು ತಿಂಗಳಾಗಿತ್ತು. ತಟ್ಟೆ ಹಿಡಿದಿದ್ದವಳು ಅವಧೂತನ ಸೋದರತ್ತೆ. ಅವನು ಮುಖ ಆಚೆ ತಿರುಗಿಸಿದ. ಸಿಂಧು ಮಾತ್ರ ಚಪ್ಪಾಳೆಗೆ ಕಾಯುತ್ತ ನಗುತ್ತಿದ್ದಳು.

ಅವಧೂತನ ತಂದೆ ದೇವಾನಂದ, "ಯಾರ್ರೀ ಇದನ್ನ ಬರದವ್ರು?" ಎಂದು ಕೇಳಿದರು. ನೀನು ನನ್ನ ಪಕ್ಕದಲ್ಲೇ ಇದ್ದೆ. ನಾನು "ನಮ್ಮ ಸೊಸಿ ಕಂಪ್ಯೂಟರದಾಗ ಮಾಡ್ಯಾಳ್ರೀ" ಅಂದೆ. ನೀನು ಒಮ್ಮೆ ನನ್ನ ಕಡೆ ನೋಡಿ ತಲೆ ಕೆಳಗೆ ಹಾಕಿದೆ. ನನ್ನ ಅಕ್ಷರದ ಕಾಗದ ನಿನ್ನ ಪರ್ಸಿನಲ್ಲಿತ್ತು. ನೀನು ತೆಗೆದು ತೋರಿಸಲಿಲ್ಲ. ಮರುದಿನ ನೀನು ಲೋಣಾವಳಾದ ನಿನ್ನ ಅಕ್ಕನ ಮನೆಗೆ ಹೋದೆ. ಮೂರು ಮನೆಯವರು ನಿನ್ನ ಪತ್ರಿಕೆ ಬೇಡವೆಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ ಶಿವಾಜಿನಗರಕ್ಕೆ, ಅವರ ಮನೆಗೆ ಹೋದೆ. ದೇವಾನಂದರಿಗೆ ಕನ್ನಡದಲ್ಲಿ, ಸಿಂಧುವಿಗೆ ಮರಾಠಿಯಲ್ಲಿ, ಒಂದೇ ತಪ್ಪನ್ನು ಎರಡು ಸಲ ಹೇಳಿದೆ. ದೇವಾನಂದರು, "ನಮ್ಮಾಕಿ ಇದ್ದಿದ್ರ ನಕ್ಕು ಬಿಡ್ತಿದ್ಲು. ನನಗ ಆಗಂಗಿಲ್ರೀ ಅವ್ವಾರ" ಅಂದರು. ಒಡಪಿನ ಅರ್ಥ ತಿಳಿದ ಮೇಲೆ ಫೋನಿನಲ್ಲಿ ನಿನಗೆ ಬೈದದ್ದನ್ನು ಹೇಗೆ ಹಿಂದೆ ತೆಗೆದುಕೊಳ್ಳಲಿ ಎಂದು ಸಿಂಧು ಕೇಳಿದಳು. ಅದನ್ನೇ ನಾನೂ ಕೇಳಬೇಕಾಗಿತ್ತು.

ಮನೆಗೆ ಬಂದು ಮಹಿಳಾ ಮಂಡಳದ ವಾಟ್ಸಾಪ್ ಗುಂಪಿಗೆ ನನ್ನ ಧ್ವನಿಯಲ್ಲೇ ಹೇಳಿ ಕಳಿಸಿದೆ: ಯಂತ್ರಕ್ಕೆ ಕೇಳಿದವಳು ನಾನು, ವಿಚಾರಿಸದೆ ಕೊಟ್ಟವಳು ನಾನು, ಸೊಸೆಯ ಮೇಲೆ ಹಾಕಿದವಳೂ ನಾನು. ಒಪ್ಪಿಕೊಂಡಿದ್ದ ಬಾಕಿ ಒಡಪುಗಳಿಗೆಲ್ಲ, ಆಗುವುದಿಲ್ಲವೆಂದು ಮನೆಮನೆಗೆ ಫೋನು ಮಾಡಿ ಹೇಳಿದ್ದೇನೆ.

ಇತಿ ನಿನ್ನ ಅತ್ತೆ,
ಸಾವಂತ್ರವ್ವ

ತಾ.ಕ.: ಆವತ್ತೊಂದೇ ದಿನ ಎಂದು ಮೇಲೆ ಬರೆದದ್ದು ಸುಳ್ಳು. ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ನೀನು ನಿನ್ನ ಗಂಡ ಈರಣ್ಣನ ಹೆಸರು ಹೇಳಿದ ಒಡಪೂ ಯಂತ್ರದ್ದೇ. "ಸೊಸಿ ಅಲ್ಲ, ಮಗಳು ಅಂದ ಅತ್ತಿ" ಎಂಬ ಮಾತಿಗೆ ನೀನು ಕಣ್ಣೀರು ಹಾಕಿ, ಆ ಹಾಳೆಗೆ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೆ. ಇವತ್ತು ಬೆಳಿಗ್ಗೆ ಅದನ್ನು ಇಳಿಸಿದೆ. ಮೊಳೆ ಕಿತ್ತಿಲ್ಲ.