ಮೋಟು ಕೂದಲಿನ ಮದುಮಗಳು

ಅಲ್ ಗರಾಫಾ, ಕತಾರ್
ನವೆಂಬರ್ 19, ಬುಧವಾರ

ಪ್ರೀತಿಯ ಚಿಕ್ಕಮ್ಮ,

ಫೋನಿನಲ್ಲಾದರೆ ನೀವು ಪೂರ್ತಿ ಹೇಳಲು ಬಿಡುವುದಿಲ್ಲ, ಅದಕ್ಕೇ ಕಾರ್ಡು. ನಾನು ಜಡೆ ಕತ್ತರಿಸಿಕೊಂಡೆ.

ಕಳೆದ ವಾರ ಶಬಾನಾಳ ಮನೆಯಲ್ಲಿ ನಮ್ಮ ಆಫೀಸಿನವರೆಲ್ಲ ನೂರು ವರ್ಷದ ಹಿಂದಿನ ಅಮೆರಿಕದ ವೇಷದಲ್ಲಿ ಸೇರಿದ್ದೆವು. ಪಾನನಿಷೇಧದ ಆ ಕಾಲದಲ್ಲಿ ಅಲ್ಲಿನವರು ಮದ್ಯವನ್ನು ಟೀ ಕಪ್ಪಿನಲ್ಲಿ ಬಚ್ಚಿಟ್ಟು ಕುಡಿಯುತ್ತಿದ್ದರಂತೆ. ನಾವು ಪುನರ್ಪುಳಿ ಶರಬತ್ತಿಗೆ ಸೋಡಾ ಬೆರೆಸಿ, ಅದನ್ನೂ ಬಚ್ಚಿಟ್ಟೇ ಕುಡಿದೆವು! ಆಗಿನ ಹೆಂಗಸರು ಮಣಿ ಪೋಣಿಸಿದ ಗಿಡ್ಡ ಉಡುಪು ತೊಟ್ಟು, ಕೂದಲನ್ನು ಕಿವಿಯವರೆಗೆ ಕತ್ತರಿಸುತ್ತಿದ್ದರು. ಉಳಿದವರು ವಿಗ್ ಹಾಕಿದರು. ನನಗೆ ವಿಗ್ ಬೇಡವೆನಿಸಿತು.

ನನ್ನ ಅತ್ತೆಯಾಗಲಿರುವ ಬ್ರಯನ್‌ನ ಅಮ್ಮ ನೋಡಿ, "ಅಯ್ಯೋ ದೇವರೇ! ಜನವರಿಯಲ್ಲಿ ಮದುವೆ. ಮಲ್ಲಿಗೆ ಎಲ್ಲಿಗೆ ಮುಡಿಸುವುದು, ಕಿವಿಗಾ?" ಎಂದರು.

"ಕಿವಿಗೇ ಮುಡಿಸಿ, ಆಂಟಿ."

"ನಾಲಗೆ ಮಾತ್ರ ಗಿಡ್ಡ ಆಗಲಿಲ್ಲ ನೋಡು! ಚೌರಿ ಕಟ್ಟದಿದ್ದರೆ ಖಲಾಸ್, ಕೂದಲು ಬೆಳೆದ ಮೇಲೆಯೇ ಮದುವೆ."

ಮರುದಿನ ಬ್ರಯನ್ ಮೊಳದುದ್ದದ ಚೌರಿ ತಂದುಕೊಟ್ಟ. "ಎರಡು ದಿನಕ್ಕೆ ಮಾತ್ರ, ವೆನಿ, ಅಮ್ಮನಿಗೋಸ್ಕರ." ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ನೀವೆಲ್ಲ ತಲೆಗೆ ತೆಂಗಿನ ಹಾಲು ಸುರಿಯುವಾಗ ಅದು ಕಳಚಿ ಯಾರ ಕೈಗೆ ಬರುತ್ತದೋ, ಅವನು ಯೋಚಿಸಿಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ. ಒದ್ದೆ ಕೂದಲಿನಲ್ಲಿ ಏಸಿಯಡಿ ಕೂತಾಗ ಬರುತ್ತಿದ್ದ ತಲೆನೋವು ನಿಂತಿದೆ.

ಮಲ್ಲಿಗೆ ಮುಡಿಸಬೇಕಾದವರು ನೀವು, ಆದ್ದರಿಂದ ನಿಮಗೇ ಮೊದಲು ತಿಳಿಸುತ್ತಿದ್ದೇನೆ. ನಾಡಿದ್ದು ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಚೌರಿಯನ್ನು ಆಂಟಿಯ ಕೈಗೇ ಹಿಂದಿರುಗಿಸುತ್ತೇನೆ. ಮದುವೆ ಮುಂದೆ ಹೋದರೆ ಹೋಗಲಿ.

ನಿಮ್ಮ ವೆನಿಟಾ