ಅತ್ತೆಯ ಎರಡನೆಯ ಪಾಪಕ್ಕೆ ಕ್ಷಮೆ ಕೊಡುವವರು ಯಾರು?

ಮಾನ್ಯ ಧರ್ಮಾಧ್ಯಕ್ಷರೇ,

ನನ್ನ ಅತ್ತೆ ಒಂದು ಪಾಪವನ್ನು ಹೊತ್ತುಕೊಂಡೇ ತೀರಿಹೋದರು. ಆ ಹೊರೆ ಇಳಿಸಬಲ್ಲವರು ಅವರ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದರು, ಆದರೆ ಹೆಂಗಸಾಗಿದ್ದರು. ಹೆಂಗಸರಿಗೆ ಪಾದ್ರಿಯಾಗುವ ಗುರುದೀಕ್ಷೆ ಕೊಡುವ ವಿಷಯದಲ್ಲಿ ‘ಚರ್ಚೆ ಮುಗಿದಿದೆ’ ಎಂದು ತಾವು ಸುತ್ತೋಲೆ ಹೊರಡಿಸಿದ್ದೀರಿ. ಚರ್ಚೆ ಶುರುವಾದದ್ದು ಯಾವಾಗ ಎಂದು ಒಂದು ಮಾತು ತಿಳಿಸಿದ್ದರೆ ನಾವೂ ಬಂದು ಕೂರುತ್ತಿದ್ದೆವು.

ನಡೆದದ್ದು ಇಷ್ಟು. ಅತ್ತೆ ಆಸ್ಪತ್ರೆಯ ಹನ್ನೆರಡು ಹಾಸಿಗೆಯ ವಾರ್ಡಿನಲ್ಲಿದ್ದರು. ಡಾಕ್ಟರು ಕೈಚೆಲ್ಲಿದ ದಿನ, ಪಾಪನಿವೇದನೆ ಮಾಡಿಕೊಳ್ಳಲೇಬೇಕೆಂದು ಹಟ ಹಿಡಿದರು. ತಾವು ಕಳಿಸಿದ ಗುರುಗಳು ಎಂಬತ್ತು ದಾಟಿದವರು, ಸಜ್ಜನರು. ಕಿವಿ ಮಾತ್ರ ಪೂರ್ತಿ ಮಂದ. ಅತ್ತೆ ಪಿಸುಗುಟ್ಟಿದರು. “ಏನಮ್ಮಾ? ಜೋರಾಗಿ ಹೇಳು!” ಎಂದರು ಗುರುಗಳು. ಮೂರನೆಯ ಸಲಕ್ಕೆ ಅತ್ತೆ ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದರು: “ಸೊಸೆಯ ಪಿಂಗಾಣಿ ಬಟ್ಟಲು ಒಡ್ದಿದ್ದು ನಾನು! ತಪ್ಪನ್ನ ಬೆಕ್ಕಿನ ಮೇಲೆ ಹಾಕ್ದೆ!”

ಹದಿಮೂರು ವರ್ಷಗಳ ಹಿಂದೆ ಆ ಬೆಕ್ಕನ್ನು ಮನೆಯಿಂದ ಓಡಿಸಿದವಳು ನಾನು. ಇಡೀ ವಾರ್ಡು ನನ್ನತ್ತ ತಿರುಗಿತು. ಎದುರು ಹಾಸಿಗೆಯಾಕೆ ತನ್ನ ನೋವನ್ನೂ ಮರೆತು, “ಅಯ್ಯೋ ಪಾಪ, ಬೆಕ್ಕು!” ಎಂದರು. ಗುರುಗಳು ಕ್ಷಮೆ ಕೊಟ್ಟು ಹೊರಟರು. ಅತ್ತೆ ನನ್ನ ತೋಳು ಹಿಡಿದೆಳೆದು, “ದೊಡ್ಡದು ಇನ್ನೊಂದಿದೆ ಕಣೇ. ಇವರ ಹತ್ರ ಹೇಳೋದೂ ಒಂದೇ, ಪೇಪರ್‌ನಲ್ಲಿ ಹಾಕ್ಸೋದೂ ಒಂದೇ. ಬೇರೆ ಯಾರಾದ್ರೂ ಇದ್ರೆ ಕರಿ,” ಎಂದರು.

ತಮ್ಮ ಕಚೇರಿಗೆ ಫೋನ್ ಮಾಡಿದೆ. ಉಳಿದ ಗುರುಗಳೆಲ್ಲ ಮೂರು ದಿನದ ವಿಚಾರ ಸಂಕಿರಣಕ್ಕೆ ಹೋಗಿದ್ದಾರೆ ಎಂಬ ಉತ್ತರ ಬಂತು. ವಿಷಯ: ‘ಧರ್ಮಸಭೆಯಲ್ಲಿ ಮಹಿಳೆಯ ಘನತೆ’. ನಗಬೇಕೋ ಅಳಬೇಕೋ ತಿಳಿಯದೆ ಫೋನಿಟ್ಟೆ.

ಇನ್ನು ಇದ್ದವರು ವಾರ್ಡಿನ ಸಿಸ್ಟರ್. ಇಪ್ಪತ್ತೆರಡು ವರ್ಷಗಳಿಂದ ಸಾಯುವವರ ಪಕ್ಕ ಕೂರುತ್ತ ಬಂದ ಸನ್ಯಾಸಿನಿ. ಅತ್ತೆ ಅವರ ಕಿವಿಯಲ್ಲಿ ಅರ್ಧ ಗಂಟೆ ಮಾತಾಡಿದರು. ಕೊನೆಗೆ ಸಿಸ್ಟರ್ ಹೇಳಿದ್ದಷ್ಟೇ ನನಗೆ ಕೇಳಿಸಿತು: “ಎಲ್ಲಾ ಕೇಳಿಸ್ಕೊಂಡೆ ಅಜ್ಜಿ. ಆದ್ರೆ ಕ್ಷಮೆ ಕೊಡೋ ಅಧಿಕಾರ ನಂಗಿಲ್ಲ.”

“ನೀನು ಮನಸ್ಸಲ್ಲೇ ಕೊಡು, ನಾನು ಮನಸ್ಸಲ್ಲೇ ತಗೋತೀನಿ,” ಎಂದರು ಅತ್ತೆ. ಸಿಸ್ಟರ್ ಸುಳ್ಳು ಹೇಳುವವರಲ್ಲ. ತಲೆ ತಗ್ಗಿಸಿ ಅತ್ತರು. ಮರುದಿನ ಬೆಳಿಗ್ಗೆ ಅತ್ತೆ ಹೋದರು.

ಅತ್ತೆ ಹೇಳಿದ್ದೇನೆಂದು ಆಮೇಲೆ ಸಿಸ್ಟರನ್ನು ಕೆದಕಿದೆ, ತಪ್ಪು ನನ್ನದೇ. “ಹೇಳಿದ್ರಾ? ಯಾವಾಗ?” ಎಂದಷ್ಟೇ ಕೇಳಿ ಅವರು ಹಾಸಿಗೆಯ ಚಾದರ ಮಡಚತೊಡಗಿದರು. ಗುಟ್ಟು ಕಾಯುವುದಕ್ಕೆ ಇನ್ನಾವ ಅರ್ಹತೆ ಬೇಕು, ಸ್ವಾಮಿ? ಯೇಸು ಆರಿಸಿದ ಪ್ರೇಷಿತರು ಹನ್ನೆರಡು ಮಂದಿಯೂ ಗಂಡಸರು ಎನ್ನುತ್ತೀರಿ. ಅವರಲ್ಲಿ ಮೀನು ಹಿಡಿಯುವವರೂ ಇದ್ದರು. ಬಲೆ ಬೀಸಲು ಬಾರದವರಿಗೆ ತಾವು ದೀಕ್ಷೆ ನಿರಾಕರಿಸಿದ್ದನ್ನು ನಾನು ಕಾಣೆ.

ನನ್ನ ಬೇಡಿಕೆ ಇದು. ಅತ್ತೆಯ ಆ ಪಾಪಕ್ಕೆ ಕ್ಷಮೆ ಸಿಕ್ಕಿದೆಯೋ ಇಲ್ಲವೋ, ಸಹಿ ಹಾಕಿ ತಿಳಿಸಿ. ‘ದೇವರ ಕರುಣೆಗೆ ಬಿಡೋಣ’ ಎಂದು ನುಣುಚಿಕೊಳ್ಳಬೇಡಿ. ಗುರುವೇ ಇಲ್ಲದೆ ನಿಭಾಯಿಸಬಲ್ಲ ದೇವರು, ಗುರು ಹೆಂಗಸಾದರೆ ಕಂಗಾಲಾಗುತ್ತಾನೆಯೇ? ಉತ್ತರ ಹೊಳೆಯದಿದ್ದರೆ ಎಲ್ಲರನ್ನೂ ಕರೆದು ಚರ್ಚೆಗೆ ಕೂರಿಸಿ. ಮೊದಲ ಕುರ್ಚಿ ಸಿಸ್ಟರ್‌ಗೆ ಇರಲಿ. ಕುರ್ಚಿ ಜೋಡಿಸುವ ಕೆಲಸ ಮಾತ್ರ ಈ ಸಲ ಅವರಿಗೆ ಹೇಳಬೇಡಿ.

ಇಂತಿ,
ತಮ್ಮ ಪೂಜಾವಸ್ತ್ರಗಳನ್ನು ಹೊಲಿಯುವ ದರ್ಜಿ
(ಈ ಪತ್ರ ತಮ್ಮ ಕೈ ಸೇರುವವರೆಗಾದರೂ)