ಬರಿಗೈಗೆ ಸಿಕ್ಕ ಕಲ್ಲು

ಶೂ ಅಂಗಡಿಯ ಹಿಂದಿನ ಕೋಣೆ,
ಬುಧವಾರ ಸಂಜೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಪಹರೆ ಕೆಲಸ ಅಂದರೆ ದಿನವಿಡೀ ಬೂಟು ಹಾಕಿಕೊಂಡೇ ನಿಲ್ಲಬೇಕಾ? ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ. ಹಿಮ್ಮಡಿಯ ಗಾಯ ಒಂಚೂರೂ ನೋಯುತ್ತಿಲ್ಲ ಅಂತ ಬರೆದಿದ್ದೆಯಲ್ಲ, ಅಮ್ಮನಿಗೆ ಹೋದ ಜೀವ ಬಂದಹಾಗಾಯಿತು. ಈಗ ನನ್ನ ಸುದ್ದಿ ಕೇಳು, ಕುಣಿಯೋ ಹಾಗಿದೆ!

ನಮ್ಮಲ್ಲಿ ಪಾದ ಮರಗಟ್ಟಿದವರಿಗೆ ಅಳತೆ ತೆಗೆದು ಶೂ ಹೊಲಿಯುತ್ತೇವೆ. ಮೊಳೆ ಚುಚ್ಚಿದರೂ ಅವರಿಗೆ ತಿಳಿಯುವುದಿಲ್ಲ, ಗಾಯ ಬಲಿತು ಕಾಲೇ ಹೋಗಬಹುದು. ಅದಕ್ಕೇ ಕೊಡುವ ಮುಂಚೆ ಒಳಗೆ ಬರಿಗೈ ಹಾಕಿ, ಕಣ್ಣು ಮುಚ್ಚಿ ತಡವಬೇಕು. ಇವತ್ತು ಒಬ್ಬ ಹಳೇ ಮೇಷ್ಟ್ರು ರೈಲಿಗೆ ಹೊರಟು ನಿಂತಿದ್ದರು. ಯಜಮಾನರು ಅವರ ಜೋಡನ್ನು ಡಬ್ಬಕ್ಕೆ ತುಂಬಿಯೂ ಆಗಿತ್ತು. ನನಗೆ ಮನಸ್ಸು ತಡೆಯಲಿಲ್ಲ, ತೆಗೆದು ಇನ್ನೊಮ್ಮೆ ತಡವಿದೆ. ಹೆಬ್ಬೆರಳಿನ ಜಾಗದಲ್ಲಿ ದಾರದ ಗಂಟು, ಸಾಸಿವೆಯಷ್ಟು. ಕೊಡಲ್ಲ ಅಂದೆ. ಯಜಮಾನರು ಕೆಂಡವಾದರು. "ಗಂಟಂತೆ ಗಂಟು! ರೈಲು ನಿಮ್ ಮಾವ ನಿಲ್ಲಿಸ್ತಾನಾ? ಕೊಡು, ಇಲ್ಲಾಂದ್ರೆ ನಾಳೆಯಿಂದ ಬರಬೇಡ!" ಕೆಲಸ ಹೋಯಿತು ಅಂದುಕೊಂಡೆ. ಆದರೂ ಶೂ ಎದೆಗವಚಿಕೊಂಡು ನಿಂತೆ.

ಮೇಷ್ಟ್ರು ಕುರ್ಚಿ ಎಳೆದು ಕೂತೇಬಿಟ್ಟರು. "ರೈಲು ಇನ್ನೊಂದು ಬರತ್ತೆ, ಕಾಲು ಬರತ್ತೇನ್ರೀ? ಹುಡುಗನಿಗೆ ಸ್ಕ್ರೂಪಲ್ ಇದೆ" ಅಂದರು. ಬೈದರೇನೋ ಅಂದುಕೊಂಡೆ! ತಪ್ಪು ಮಾಡಲು ಬಿಡದೆ ಮನಸ್ಸನ್ನು ಕಾಡುವ ಅಳುಕಿಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರಂತೆ. ಆ ಪದ ಹುಟ್ಟಿದ್ದು ಹಳೇ ಲ್ಯಾಟಿನ್ ಭಾಷೆಯಲ್ಲಿ, ಅಲ್ಲಿ ಅದು ಚೂಪಾದ ಪುಟ್ಟ ಕಲ್ಲು! ಚಪ್ಪಲಿಯೊಳಗೆ ಸಿಕ್ಕಿದ ಹರಳು ನಡೆಯಲು ಬಿಡುತ್ತದಾ, ಹಾಗೆ. ಆಮೇಲೆ ಔಷಧಿ ತೂಗುವ ಒಂದು ಸಣ್ಣ ತೂಕಕ್ಕೂ ಅದೇ ಹೆಸರಾಯಿತಂತೆ. ಆ ಕಾಲದವರು ನಮ್ಮ ಅಂಗಡಿ ನೋಡಿಯೇ ಹೆಸರಿಟ್ಟರೇನೋ ಅಪ್ಪಾ! ಗಂಟು ತೆಗೆದು, ಹೊಲಿದು, ಮತ್ತೆ ತಡವಿ ಕೊಟ್ಟೆ. ಯಜಮಾನರು ಮುಖ ಊದಿಸಿಕೊಂಡೇ, "ಇನ್ಮೇಲೆ ಎಲ್ಲಾ ಜೋಡೂ ಈ ಪೀಡೆ ಕೈ ದಾಟಿಯೇ ಹೋಗ್ಲಿ" ಅಂದರು. ಹತ್ತನೇ ಕ್ಲಾಸಿಗೆ ಓದು ಬಿಟ್ಟವನಿಗೆ ಲ್ಯಾಟಿನ್ ಬಿರುದು!

ಅಮ್ಮ ನಿನ್ನನ್ನು ಕೇಳಿದಳು. ನಿನ್ನ ಕಾಲು ಮುಟ್ಟಿ ನಮಸ್ಕಾರ.

ಒಂದು ಕಡೆ ನಿಲ್ಲದ ನಿನ್ನ
ಬುಗುರಿ

ತಾ.ಕ.: ಕಾಲು ಅಂತ ಬರೆದ ಮೇಲೆ ತಲೆಗೆ ಹೊಳೆಯಿತು. ಗಾಯ ಇದ್ದೂ ನೋವಿಲ್ಲ ಅಂದರೆ ಒಳ್ಳೆಯದಲ್ಲಪ್ಪಾ, ಸಕ್ಕರೆ ಕಾಯಿಲೆಗೆ ನಿನ್ನ ಪಾದವೂ ಮರಗಟ್ಟಿರಬೇಕು! ಈ ಕಾಗದ ಮಡಚಿಟ್ಟು ಈಗಲೇ ಡಾಕ್ಟರ ಹತ್ತಿರ ಹೋಗು. ಬೂಟಿನೊಳಗೆ ಕೈ ಹಾಕಿ ನೋಡು. ಪಾದ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸು. ನಿನ್ನ ಜೋಡು ನಾನೇ ತಡವುತ್ತೇನೆ.